ದೂರ ಇದ್ದಾಗ ರಾತ್ರಿಯೆಲ್ಲಾ ಮಾತು, ಈಗ ಪಕ್ಕದಲ್ಲೇ ಇದ್ರೂ ಒಂಟಿ ಅನ್ಸುತ್ತೆ, ಯಾಕೆ?

ಪ್ರಶ್ನೆ: ಮೇಡಂ ನಮಸ್ಕಾರ. ನಂಗೆ 32 ವರ್ಷ, ಊರು ಬಂಗಾರಪೇಟೆ, ನರಸಾಪುರದ ಒಂದು ಫ್ಯಾಕ್ಟರೀಲಿ ಕೆಲಸ, ವಾರಕ್ಕೊಂದ್ಸಲ ಶಿಫ್ಟ್ ಬದಲಾಗುತ್ತೆ. ಲವ್ ಮ್ಯಾರೇಜ್, ಮೂರು ವರ್ಷ ಆಯ್ತು. ಮದುವೆಗೆ ಮುಂಚೆ ಅವಳು ಬೆಂಗಳೂರಲ್ಲಿ ಪಿಜಿಲಿದ್ಲು, ನಂದು ಆಗ ಜನರಲ್ ಶಿಫ್ಟು, ಎರಡೂವರೆ ವರ್ಷ ದಿನಾ ರಾತ್ರಿ 11ರಿಂದ 1 ಗಂಟೆ ತನಕ ಫೋನಲ್ಲಿ ಮಾತು. ಶನಿವಾರ ಸಂಜೆ ಅವಳು ಬರೋ ಟ್ರೈನಿಗೆ ಅರ್ಧ ಗಂಟೆ ಮುಂಚೇನೇ ಹೋಗಿ ಪ್ಲಾಟ್‌ಫಾರ್ಮಲ್ಲಿ ಕಾಯ್ತಿದ್ದೆ. ಈಗ ಅವಳು ಇಲ್ಲಿಂದ್ಲೇ ದಿನಾ ವೈಟ್‌ಫೀಲ್ಡಿಗೆ ಟ್ರೈನಲ್ಲಿ ಹೋಗಿ ಬರ್ತಾಳೆ. ಒಂದೇ ಮನೆ, ಆದ್ರೆ ಮಾತಿಲ್ಲ. ಬಂದ್ರೆ ಊಟ, ಆಮೇಲೆ ಕಿವಿಗೆ ಹೆಡ್‌ಫೋನ್. ಅಮ್ಮ ಜೊತೇಲೇ ಇದ್ದಾರೆ. ಜಗಳ ಏನೂ ಇಲ್ಲ, ಅದೇ ಭಯ ಆಗುತ್ತೆ. ಒಬ್ನೇ ಇದ್ದಾಗ ನಮ್ಮ ಹಳೇ ವಾಟ್ಸಾಪ್ ಚಾಟ್ ತೆಗೆದು ಓದ್ತೀನಿ, ಕಣ್ಣಲ್ಲಿ ನೀರು ಬರುತ್ತೆ. ಇನ್ನೊಂದು ವಿಷಯ, ಕಾಲೇಜಲ್ಲಿ ಜೊತೇಲಿ ಓದಿದ ಹುಡುಗಿ ಇನ್‌ಸ್ಟಾಗ್ರಾಮಲ್ಲಿ ಸಿಕ್ಕಿದ್ಲು, ನೈಟ್ ಶಿಫ್ಟ್ ಬ್ರೇಕಲ್ಲಿ ಮೆಸೇಜ್ ಮಾಡ್ತೀವಿ, ತಪ್ಪು ಮಾತು ಏನೂ ಇಲ್ಲ. ಆದ್ರೆ ಹೋದ ತಿಂಗಳು ಲೈನ್ ಲೀಡರ್ ಎಲ್ಲರ ಮುಂದೆ ನನ್ನ ಬೈದಾಗ ನಾನು ಮೊದಲು ಹೇಳಿದ್ದು ಅವಳಿಗೆ, ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ನಮ್ಮ ಪ್ರೀತಿ ಮುಗಿದೋಯ್ತಾ ಮೇಡಂ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನಾನು ನಿಂತಿದ್ದು ಆ ಲೈನ್ ಲೀಡರ್ ಬೈದ ವಿಷಯದ ಹತ್ರ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನೀವು ಕೇಳಿದ್ದಕ್ಕೆ ನೇರವಾಗಿ ಹೇಳ್ಬಿಡ್ತೀನಿ, ಪ್ರೀತಿ ಮುಗಿದಿದೆ ಅಂತ ನಂಗೆ ಇದ್ರಲ್ಲಿ ಎಲ್ಲೂ ಕಾಣಿಸ್ಲಿಲ್ಲ. ಕೋಲಾರದಲ್ಲಿ ಹದಿನಾಲ್ಕು ವರ್ಷದಿಂದ ಆಪ್ತ ಸಮಾಲೋಚನೆ ಮಾಡ್ತಿದ್ದೀನಿ, ನಿಜವಾಗ್ಲೂ ಮುಗಿದಿರೋ ಮನೆಗಳನ್ನ ನೋಡಿದ್ದೀನಿ, ಅಲ್ಲಿ ಬೇಜಾರು ಕೂಡ ಇರಲ್ಲ, ಹಳೇ ಚಾಟ್ ತೆಗೆದು ಓದಿ ಅಳೋ ಮಾತಂತೂ ದೂರ.

ಆದ್ರೆ ನೀವು ಎರಡು ಬೇರೆ ಬೇರೆ ಸಂಕಟಾನ ಒಂದೇ ಅಂದ್ಕೊಂಡಿದ್ದೀರ. ಪ್ಲಾಟ್‌ಫಾರ್ಮಲ್ಲಿ ನಿಂತು ಕಾಯ್ತಿದ್ರಲ್ಲ, ಟ್ರೈನು ನಿಮ್ಮೂರಿಗೆ ಮುಂಚೆ ಸಿಗೋ ಟೇಕಲ್ ಸ್ಟೇಷನ್ ದಾಟ್ತು ಅಂತ ಅವ್ರು ಮೆಸೇಜ್ ಹಾಕಿದ ತಕ್ಷಣ ಹೊಟ್ಟೆಯೊಳಗೆ ಏನೋ ಆಗ್ತಿತ್ತಲ್ಲ, ಅದು ಹಂಬಲ. ಅದ್ರಲ್ಲೂ ನೋವಿರುತ್ತೆ, ಆದ್ರೆ ಯಾರು ಬೇಕು ಅಂತ ಗೊತ್ತಿರುತ್ತೆ, ಬರ್ತಾರೆ ಅನ್ನೋ ನಂಬಿಕೆ ಇರುತ್ತೆ, ಅವ್ರು ಬಂದು ಇಳಿದ್ರೆ ತೀರುತ್ತೆ. ಈಗ ಇರೋದು ಒಂಟಿತನ. ಬಂದಿದ್ದಾಗಿದೆ, ಕಣ್ಣೆದುರಿಗೇ ಇದ್ದಾರೆ, ಇನ್ನು ಯಾರು ಬರಬೇಕು ಅಂತಾನೇ ಗೊತ್ತಾಗಲ್ಲ. ಹಂಬಲಕ್ಕೆ ಕೊಡೋ ಔಷಧಿ ಇದಕ್ಕೆ ನಾಟಲ್ಲ. ನೀವು ಹಳೇ ಚಾಟ್ ಓದೋದು, ಇನ್‌ಸ್ಟಾಗ್ರಾಮಲ್ಲಿ ಇನ್ನೊಬ್ರ ಮೆಸೇಜಿಗೆ ಕಾಯೋದು, ಎರಡೂ ಆ ಹಳೇ ಹಂಬಲಾನ ವಾಪಸ್ ತರಿಸ್ಕೊಳ್ಳೋ ಪ್ರಯತ್ನ, ಅದಕ್ಕೇ ಎರಡರಿಂದ್ಲೂ ಒಳಗಿರೋ ಒಂಟಿತನ ಕರಗ್ತಿಲ್ಲ.

ನಮ್ಮ ಕನ್ನಡದಲ್ಲಿ ವಿರಹಕ್ಕೆ ಎಂಥಾ ಮರ್ಯಾದೆ ಇದೆ ನೋಡಿ, 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿ ಹೇಳಿದ ವಚನಗಳನ್ನ ಇವತ್ತಿಗೂ ಹಾಡ್ತೀವಿ. ದೂರ ಇರೋರಿಗೋಸ್ಕರ ಕೊರಗೋದನ್ನ ಹೇಳೋಕೆ ನಮ್ಮ ಹತ್ರ ಬೇಕಾದಷ್ಟು ಮಾತಿದೆ. ಪಕ್ಕದಲ್ಲಿ ಮಲಗಿರೋರ ಜೊತೆ ಇದ್ದೂ ಒಂಟಿ ಅನ್ಸೋದಕ್ಕೆ ಹೆಸರೇ ಇಲ್ಲ. ಅದಕ್ಕೇ ಜನ "ಯಾಕೋ ಬೇಜಾರು" ಅಂತಾರೆ, "ನಿದ್ದೆ ಬರ್ತಿಲ್ಲ" ಅಂತಾರೆ, ನನ್ನ ಹತ್ರ ಬರೋ ಹೆಣ್ಮಕ್ಕಳಲ್ಲಿ ಎಷ್ಟೋ ಜನ ಮೊದಲು ತಲೆನೋವು ಅಂತ ಡಾಕ್ಟ್ರ ಹತ್ರ ಹೋಗಿ, ಸ್ಕ್ಯಾನಿಂಗ್ ಎಲ್ಲ ಆಗಿ, ಏನೂ ಇಲ್ಲ ಅಂದ್ಮೇಲೆ ಇಲ್ಲಿಗೆ ಬಂದಿರ್ತಾರೆ. ನೀವು ಗಂಡಸಾಗಿ ನೇರವಾಗಿ ಒಂಟಿತನ ಅಂತ ಬರೆದ್ರಲ್ಲ, ಅದು ದೊಡ್ಡ ವಿಷಯ, ನಿಜವಾಗ್ಲೂ.

ಈಗ ಹಳೇ ಚಾಟ್ ವಿಷಯ. ಅದನ್ನ ಓದಿದಾಗ ಆಗಿನ ಅವ್ರೇ ಬೇರೆ ಈಗಿನ ಅವ್ರೇ ಬೇರೆ ಅನ್ಸುತ್ತೆ ಅಲ್ವಾ. ಜೋಸೆಫ್ ವಾಲ್ಥರ್ ಅಂತ ಅಮೆರಿಕದ ಸಂವಹನ ತಜ್ಞರು 1996ರಲ್ಲೇ, ಸ್ಮಾರ್ಟ್‌ಫೋನ್ ಬರೋಕೆ ಎಷ್ಟೋ ಮುಂಚೆ, ಒಂದು ಮಾತು ಹೇಳಿದ್ರು. ಬರೀ ಅಕ್ಷರದಲ್ಲಿ ಮಾತಾಡುವಾಗ ನಾವು ನಮ್ಮ ಒಳ್ಳೇ ಮುಖ ಆರಿಸಿ ಆರಿಸಿ ಕಳಿಸ್ತೀವಿ, ಟೈಪ್ ಮಾಡಿ ಅಳಿಸಿ ಮತ್ತೆ ಟೈಪ್ ಮಾಡ್ತೀವಿ, ಆ ಕಡೆ ಓದೋರು ಮಧ್ಯೆ ಖಾಲಿ ಇರೋ ಜಾಗಾನೆಲ್ಲ ತಮ್ಮ ಕಲ್ಪನೇಲಿ ತುಂಬ್ಕೋತಾರೆ, ಹಿಂಗೆ ಎದುರಾಬದುರು ಕೂತು ಮಾತಾಡಿದ್ರೂ ಬರದಷ್ಟು ಹತ್ತಿರ ಚಾಟಲ್ಲಿ ಬಂದ್ಬಿಡ್ತೀವಿ. ನಿಮ್ಮ ಎರಡೂವರೆ ವರ್ಷ ಅಂಥದ್ದು. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ, ಆದ್ರೆ ಅದ್ರಲ್ಲಿ ಅರ್ಧ ನಿಮ್ಮ ಹೆಂಡತಿ, ಇನ್ನರ್ಧ ನೀವು ತುಂಬಿಸ್ಕೊಂಡಿದ್ದು. ಆ ಚಾಟಲ್ಲಿರೋ ಹುಡುಗಿಗೆ ಕಾಲು ನೋವಿರಲಿಲ್ಲ, ಪಾತ್ರೆ ತೊಳೆಯೋದಿರಲಿಲ್ಲ, ನಿಮ್ಮ ಅಮ್ಮ ಇರಲಿಲ್ಲ. ಈಗಿನ ಹೆಂಡತೀನ ಅವಳ ಪಕ್ಕದಲ್ಲಿ ನಿಲ್ಲಿಸಿ ತೂಕ ಹಾಕಿದ್ರೆ ಈಗಿನೋರು ಸೋಲೋದು ಗ್ಯಾರಂಟಿ.

ದೂರದಲ್ಲಿದ್ದು ಒಂದೂರಿಗೆ ಬಂದು ಸೇರೋ ಜೋಡಿಗಳಿಗೆ ಇದು ಆಗೇ ಆಗುತ್ತೆ. ಲಾರಾ ಸ್ಟ್ಯಾಫರ್ಡ್ ಮತ್ತೆ ಜೊತೆಯವರು 2006ರಲ್ಲಿ ಅಮೆರಿಕದಲ್ಲಿ ದೂರದೂರಲ್ಲಿದ್ದು ಪ್ರೀತಿ ಮಾಡ್ತಿದ್ದ ಕಾಲೇಜು ಹುಡುಗ ಹುಡುಗೀರ ಬಗ್ಗೆ ಅಧ್ಯಯನ ಮಾಡಿದ್ರು. ಒಂದೇ ಊರಿಗೆ ಬಂದು ಸೇರಿದೋರಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ಮೂರೇ ತಿಂಗಳಲ್ಲಿ ಬೇರೆ ಆದ್ರು. ಅವ್ರು ಮದುವೆಯಾದೋರಲ್ಲ, ನಮ್ಮ ಲೆಕ್ಕ ಬೇರೆ, ಆದ್ರೂ ಅದ್ರಲ್ಲಿ ಒಂದು ಮಾತು ನಂಗೆ ಮುಖ್ಯ ಅನ್ಸುತ್ತೆ. ಹತ್ರ ಬಂದ್ಮೇಲೆ ಏನು ಕಳ್ಕೊಂಡ್ರಿ ಅಂದ್ರೆ, ಸಿಗ್ತೀವಿ ಅಂತ ಕಾಯೋ ಖುಷಿ, ತಮ್ಮ ಪಾಡಿಗೆ ತಾವಿರೋ ಟೈಮು, ಇಂಥವು ಹೋದ್ವು ಅಂದ್ರು. ಅಂದ್ರೆ ಹತ್ರ ಬರೋದ್ರಲ್ಲಿ ಒಂದಿಷ್ಟು ನಷ್ಟ ಇದ್ದೇ ಇರುತ್ತೆ. ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ ಅಂತ ಎರಡೂವರೆ ವರ್ಷ ಇಬ್ರೂ ಒಬ್ರಿಗೊಬ್ರು ಹೇಳ್ಕೊಂಡಿರ್ತೀರ, ಮನೇಲಿ ಒಪ್ಪಿಸೋಕೆ ಓಡಾಡಿರ್ತೀರ, ಈ ನಷ್ಟದ ವಿಷಯ ಯಾರೂ ಹೇಳಿರಲ್ಲ, ಅದು ಬಂದಾಗ ಪ್ರೀತೀನೇ ಹೋಯ್ತು ಅಂತ ಗಾಬರಿ.

ಇನ್ನು ನಾನು ಬಂದ ಎಲ್ಲಾ ಜೋಡಿಗಳ ಹತ್ರಾನೂ ಮಾಡಿಸೋ ಕೆಲಸ ಒಂದಿದೆ, ನಿಮ್ಮ ಪರವಾಗಿ ನಾನೇ ಕೂತು ಮಾಡಿದೆ. ಒಂದು ಹಾಳೆ ತಗೊಂಡು ಇಬ್ರೂ ಮನೇಲಿದ್ದು, ಇಬ್ರೂ ಎಚ್ಚರ ಇರೋ ಗಂಟೆ ಎಷ್ಟು ಅಂತ ಬರೆಯೋದು. ನಿಮ್ಮ ಹೆಂಡತಿ ಬೆಳಿಗ್ಗೆ 6ಕ್ಕೆ ಮನೆ ಬಿಟ್ಟು ರಾತ್ರಿ 8ಕ್ಕೆ ಬರ್ತಾರೆ, 10ಕ್ಕೆ ಮಲಗ್ತಾರೆ ಅಂತ ಇಟ್ಕೊಳ್ಳಿ. ನಿಮ್ದು ಸೆಕೆಂಡ್ ಶಿಫ್ಟ್ ಇರೋ ವಾರ, ಮಧ್ಯಾಹ್ನ ಹೋದ್ರೆ ಬಸ್ಸಿಳಿಯೋ ಹೊತ್ತಿಗೆ ರಾತ್ರಿ 11 ದಾಟಿರುತ್ತೆ, ಅವ್ರು ಮಲಗಿರ್ತಾರೆ, ಬೆಳಿಗ್ಗೆ ಅವ್ರು ಹೋಗುವಾಗ ನೀವು ಮಲಗಿರ್ತೀರ, ಸೋಮವಾರದಿಂದ ಶುಕ್ರವಾರದ ತನಕ ಸೊನ್ನೆ. ನೈಟ್ ಶಿಫ್ಟ್ ವಾರ, ಅವ್ರು 8ಕ್ಕೆ ಬಂದ್ರೆ ನೀವು ಎಂಟೂವರೆಗೆ ಹೊರಡಬೇಕು, ದಿನಕ್ಕೆ ಅರ್ಧ ಗಂಟೆ, ಅದ್ರಲ್ಲಿ ಡಬ್ಬಿ ಕಟ್ಟೋದೇ ಹತ್ತು ನಿಮಿಷ. ಫಸ್ಟ್ ಶಿಫ್ಟ್ ವಾರ ನೀವು ಬೆಳಗಿನ ಜಾವ ಏಳಬೇಕು ಅಂತ ಒಂಬತ್ತೂವರೆಗೆ ಮಲಗಿದ್ರೆ ದಿನಕ್ಕೆ ಒಂದೂವರೆ ಗಂಟೆ. ಮೂರು ವಾರ, ಹದಿನೈದು ದಿನ ಸೇರಿಸಿದ್ರೆ ಹತ್ತು ಗಂಟೆ. ಮದುವೆಗೆ ಮುಂಚೆ ದಿನಾ ಎರಡು ಗಂಟೆ ಫೋನು ಅಂದ್ರೆ ಅದೇ ಹದಿನೈದು ದಿನಕ್ಕೆ 30 ಗಂಟೆ ಆಗ್ತಿತ್ತು. ಆ 30 ಗಂಟೇಲಿ ನಿಮ್ಮಿಬ್ರನ್ನ ಬಿಟ್ಟು ಇನ್ಯಾರೂ ಇರಲಿಲ್ಲ. ಈ 10 ಗಂಟೇಲಿ ಅಡುಗೆ ಇದೆ, ಸ್ನಾನ ಇದೆ, ಹಾಲಲ್ಲಿ ಅಮ್ಮ ಸೀರಿಯಲ್ ನೋಡ್ತಿದ್ದಾರೆ, ನಾಳೆಗೆ ಬಟ್ಟೆ ಐರನ್ ಮಾಡ್ಕೋಬೇಕು. ನಿಮ್ಮ ಟೈಮಿಂಗು ಸ್ವಲ್ಪ ಆಚೆ ಈಚೆ ಇರ್ಬಹುದು, ಶನಿವಾರ ಅವ್ರಿಗೆ ರಜ ಇದ್ರೂ ನಿಮಗೆ ಇರಲ್ಲ ಅಂದ್ಕೋತೀನಿ, ನೀವೇ ಬರೆದು ನೋಡಿ. ದಯವಿಟ್ಟು ಬರೆದೇ ನೋಡಿ, ಮನಸ್ಸಲ್ಲೇ ಲೆಕ್ಕ ಹಾಕಿದ್ರೆ ಜನ ಯಾವಾಗ್ಲೂ ಜಾಸ್ತಿ ಹಾಕ್ಕೋತಾರೆ.

ಕಳೆದ ವರ್ಷ ಇದೇ ಥರ ಒಂದು ಜೋಡಿ ಬಂದಿದ್ರು, ಶ್ರೀನಿವಾಸಪುರ ಕಡೆಯೋರು, ಗುರುತು ಸಿಗದ ಹಾಗೆ ಹೇಳ್ತೀನಿ. ಆ ಹುಡುಗ ಹಾಳೆ ಮೇಲೆ ಕೂಡಿಸಿ ನಾಲ್ಕು ಗಂಟೆ ಅಂತ ಬರೆದು ಪೆನ್ ಕೆಳಗಿಟ್ಟು ಹೆಂಡತಿ ಮುಖ ನೋಡ್ದ, ಆಕೆ ಅಳೋಕೆ ಶುರು ಮಾಡಿದ್ಲು. ಅಲ್ಲಿ ತನಕ ಅವಳು ತನ್ನನ್ನ ಕಂಡ್ರೆ ಇವನಿಗೆ ಆಗಲ್ಲ ಅಂದ್ಕೊಂಡಿದ್ಲು, ಅವನೂ ಹಂಗೇ ಅಂದ್ಕೊಂಡಿದ್ದ. ಇಬ್ರಿಗೂ ಟೈಮ್ ಇಲ್ಲ ಅನ್ನೋದು ಗೊತ್ತಿತ್ತು, ಇಷ್ಟು ಇಲ್ಲ ಅನ್ನೋದು ಗೊತ್ತಿರಲಿಲ್ಲ.

ನಿಮ್ಮ ಟ್ರೈನ್ ಲೈನಲ್ಲಿ ಇದು ಹೊಸದೇನಲ್ಲ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಮಾರಿಕುಪ್ಪಂ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರೋದೇ ಸಾವಿರಾರು ಮನೆಗಳ ಬದುಕಾಗೋಯ್ತು, ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರೋದು. ನಾನೂ ಎಷ್ಟೋ ಸಲ ಆ ಟ್ರೈನಲ್ಲಿ ಓಡಾಡಿದ್ದೀನಿ. ಲೇಡೀಸ್ ಡಬ್ಬೀಲಿ ಸಂಜೆ ಹೊತ್ತು ಸೊಪ್ಪು ಬಿಡಿಸ್ತಾ ಕೂತಿರೋರು, ಹೂ ಕಟ್ತಾ ಇರೋರು, ಕಿಟಕಿ ಕಂಬಿಗೆ ತಲೆ ಒರಗಿಸಿ ಬಾಯಿ ತೆಗೆದು ಮಲಗಿರೋರು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕಣ್ಣು ಮುಚ್ಕೊಂಡಿರೋರು. ಒಂದ್ಸಲ ಪಕ್ಕದಲ್ಲಿದ್ದ ಹುಡುಗೀನ ಏನು ಕೇಳ್ತಿದ್ದೀಯಮ್ಮಾ ಅಂತ ಕೇಳ್ದೆ. ಏನೂ ಇಲ್ಲ ಆಂಟಿ, ಹಾಡು ಮುಗಿದು ಎಷ್ಟೋ ಹೊತ್ತಾಯ್ತು, ಇದು ಕಿವಿಲಿದ್ರೆ ಯಾರೂ ಏನೂ ಕೇಳಲ್ಲ ಅಂದ್ಲು. ಆಫೀಸಲ್ಲಿ ಒಬ್ರು ಕರೀತಾರೆ, ಮನೆಗೋದ್ರೆ ಇನ್ನೊಬ್ರು ಕರೀತಾರೆ, ಮಧ್ಯೆ ಅದೊಂದೇ ಬಿಡುವು.

ನಿಮ್ಮ ಹೆಂಡತಿ ಹೆಡ್‌ಫೋನ್ ಹಾಕ್ಕೊಳ್ಳೋದು ಅದೇ ಕಾರಣಕ್ಕೆ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಅವ್ರ ಮಾತು ನಾನು ಕೇಳಿಲ್ಲ. ಆದ್ರೆ ನೀವು ಅದನ್ನ ನಿಮ್ಮ ವಿರುದ್ಧ ಕಟ್ಟಿದ ಗೋಡೆ ಅಂತ ಓದ್ಕೊಂಡಿದ್ದೀರಲ್ಲ, ಅದಕ್ಕೊಂದು ಕಾರಣ ಇದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಕ್ಯಾಸಿಯೊಪ್ಪೊ ಅನ್ನೋ ವಿಜ್ಞಾನಿ ವರ್ಷಾನುಗಟ್ಲೆ ಒಂಟಿತನದ ಮೇಲೇ ಕೆಲಸ ಮಾಡಿದ್ರು, 2018ರಲ್ಲಿ ತೀರ್ಕೊಂಡ್ರು. ಹಸಿವು ಬಾಯಾರಿಕೆ ಹೆಂಗೋ ಒಂಟಿತನಾನೂ ಹಂಗೇ, ಏನೋ ಕಮ್ಮಿಯಾಗಿದೆ ಅಂತ ದೇಹ ಕೊಡೋ ಸೂಚನೆ ಅಂತ ಅವ್ರು ಹೇಳ್ತಿದ್ರು. ಇಷ್ಟಕ್ಕೇ ನಿಂತಿದ್ರೆ ಪರವಾಗಿರಲಿಲ್ಲ. ಒಂಟಿತನ ಜಾಸ್ತಿ ದಿನ ಇದ್ರೆ ಮನಸ್ಸು ಸದಾ ಕಾವಲಿಗೆ ನಿಂತ ಹಾಗೆ ಆಗೋಗುತ್ತೆ, ಎದುರಿನೋರ ಮುಖದಲ್ಲಿ, ಮಾತಲ್ಲಿ, ಎಲ್ಲಿ ನನ್ನ ತಳ್ಳಿಹಾಕ್ತಿದ್ದಾರೆ ಅಂತಾನೇ ಹುಡುಕುತ್ತೆ. ಸುಸ್ತಾಗಿ "ಹೂಂ" ಅಂದ್ರೂ ಅದು ತಾತ್ಸಾರ ಅನ್ಸುತ್ತೆ. ನಾವು ಇನ್ನೊಂದು ಹೆಜ್ಜೆ ಹಿಂದೆ ಹೋಗ್ತೀವಿ. ಅವ್ರಿಗೂ ಇದೇ ಆಗ್ತಿದ್ರೆ ಅವ್ರೂ ಒಂದು ಹೆಜ್ಜೆ ಹಿಂದೆ. ಯಾರೂ ಯಾರನ್ನೂ ಬೈದಿಲ್ಲ, ನೀವು ಬರೆದ ಹಾಗೆ ಜಗಳಾನೂ ಇಲ್ಲ, ಆದ್ರೂ ಮಧ್ಯೆ ಜಾಗ ಬೆಳೀತಾ ಹೋಗುತ್ತೆ. ನೀವು ಮನೇಲಿ ನೋಡ್ತಿರೋದ್ರಲ್ಲಿ ಎಷ್ಟು ಅವ್ರು ಮಾಡ್ತಿರೋದು, ಎಷ್ಟು ಈ ಕಾವಲುಗಾರ ಹೇಳ್ತಿರೋದು ಅಂತ ಸ್ವಲ್ಪ ಅನುಮಾನ ಇಟ್ಕೊಳ್ಳಿ.

ಈಗ "ಊಟ ಆಯ್ತಾ" ವಿಷಯಕ್ಕೆ ಬರ್ತೀನಿ. ನೀವು ಅದನ್ನ ಬರೆದಿಲ್ಲ, ಆದ್ರೆ ನಿಮ್ಮನೇಲೂ ದಿನಾ ಇರುತ್ತೆ, ನಂಗೊತ್ತು. ನಮ್ಮೋರು ಐ ಲವ್ ಯೂ ಅಂತ ಎಷ್ಟು ಸಲ ಹೇಳ್ತಾರೋ ಏನೋ, ಊಟ ಆಯ್ತಾ ಅಂತ ಮಾತ್ರ ಕೇಳದೇ ಇರಲ್ಲ. ಅದ್ರಲ್ಲಿ ಎಲ್ಲಾ ಇದೆ, ನೀನು ನೆನಪಾದೆ, ಚೆನ್ನಾಗಿದ್ದೀಯಾ, ಮಾತಾಡು. ಕೇಳೋರಿಗೆ ಅನ್ನದ ಲೆಕ್ಕ ಬೇಕಾಗಿರಲ್ಲ. ಜಾನ್ ಗಾಟ್‌ಮನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಸಿಯಾಟಲ್‌ನಲ್ಲಿ ಮನೆ ಥರಾನೇ ಒಂದು ಪ್ರಯೋಗಾಲಯ ಮಾಡಿ ಅಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳನ್ನ ಇರಿಸಿ, ಇಂಥಾ ಸಣ್ಣ ಸಣ್ಣ ಮಾತುಗಳನ್ನೇ ಗಮನಿಸಿದ್ರು. ಕಿಟಕಿ ಆಚೆ ನೋಡಿ ಅಂತ ಒಬ್ರು ಅಂದ್ರೆ ಇನ್ನೊಬ್ರು ತಿರುಗಿ ನೋಡ್ತಾರಾ, ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ಇರ್ತಾರಾ, ಸಿಡುಕ್ತಾರಾ, ಇಷ್ಟೇ. ಆರು ವರ್ಷ ಆದ್ಮೇಲೆ ನೋಡಿದ್ರೆ ಇನ್ನೂ ಜೊತೇಲಿದ್ದೋರು ಆಗ ನೂರಕ್ಕೆ 86 ಸಲ ತಿರುಗಿ ಸ್ಪಂದಿಸಿದೋರು, ಡೈವೋರ್ಸ್ ಆದೋರು ನೂರಕ್ಕೆ 33 ಸಲ ಮಾತ್ರ. ದೊಡ್ಡ ದೊಡ್ಡ ಸರ್‌ಪ್ರೈಸು, ಗಿಫ್ಟು, ಟ್ರಿಪ್ಪು ಇದ್ಯಾವುದೂ ಆ ಲೆಕ್ಕದಲ್ಲಿರಲಿಲ್ಲ.

ಅದನ್ನ ನಮ್ಮ ಮನೆಗೆ ತಂದು ನೋಡಿ. ಅವ್ರು ಮಧ್ಯಾಹ್ನ "ಊಟ ಆಯ್ತಾ" ಅಂತ ಮೆಸೇಜ್ ಹಾಕ್ತಾರೆ. ನೀವು "ಆಯ್ತು" ಅಂತೀರ. ಅಲ್ಲಿಗೆ ಬಾಗಿಲು ಹಾಕಿದ ಹಾಗೆ. ಅದೇ "ಆಯ್ತು, ಕ್ಯಾಂಟೀನಲ್ಲಿ ಇವತ್ತು ಮುದ್ದೆ ಗಟ್ಟಿಯಾಗೋಗಿತ್ತು, ನೀನು ಭಾನುವಾರ ಮಾಡಿದ್ಯಲ್ಲ ಮಸ್ಸೊಪ್ಪು ಅದು ನೆನಪಾಯ್ತು, ನಿಂದು?" ಅಂದ್ರೆ, ಎರಡು ಸಾಲು, ಇಪ್ಪತ್ತು ಸೆಕೆಂಡು, ಆದ್ರೆ ಆ ಕಡೆ ಇರೋರಿಗೆ ಕೈ ಹಿಡ್ಕೊಳ್ಳೋಕೆ ಏನೋ ಸಿಕ್ತು. ನಿಮ್ಮ ಫೋನ್ ತೆಗೆದು ಹೋದ ಒಂದು ತಿಂಗಳ ಚಾಟ್ ನೋಡಿ, ಹಳೇದು ಬೇಡ, ಈ ತಿಂಗಳದು. ಯಾರು ಏನು ಕೇಳಿದ್ದಾರೆ, ಇನ್ನೊಬ್ರು ಏನು ಉತ್ತರ ಕೊಟ್ಟಿದ್ದಾರೆ. ಇಪ್ಪತ್ತು ದಿನ ನಿಮ್ಮ "ಆಯ್ತು", "ಹಾ", "ಓಕೆ", ಒಂದು ಥಂಬ್ಸ್ ಅಪ್ ಸಿಕ್ಕಿದ್ರೆ ಆಶ್ಚರ್ಯ ಪಡ್ಬೇಡಿ. ಅವ್ರು ಮಾತೇ ಆಡಲ್ಲ ಅಂತ ನೀವು ಬರೆದಿದ್ದೀರ, ಅವ್ರು ಎಷ್ಟು ಸಲ ಬಂದು ಬಾಗಿಲು ತಟ್ಟಿ ವಾಪಸ್ ಹೋಗಿದ್ದಾರೋ ಅಲ್ಲಿ ಗೊತ್ತಾಗುತ್ತೆ. ನಿಮ್ದೂ ಅವ್ರು ತೆಗೆಯದೇ ಇರೋವು ಸಿಗುತ್ತೆ, ಇದ್ರಲ್ಲಿ ಒಬ್ರದೇ ತಪ್ಪು ಅಂತ ಬಹಳ ಕಮ್ಮಿ.

ಇನ್ನು ಇನ್‌ಸ್ಟಾಗ್ರಾಮ್. ಇಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿ ಮಾತಾಡ್ತೀನಿ, ನಿಮ್ಮ ಅಕ್ಕ ಹೇಳ್ತಿದ್ದಾರೆ ಅಂದ್ಕೊಳ್ಳಿ. ತಪ್ಪು ಮಾತು ಏನೂ ಇಲ್ಲ ಅಂತ ಬರೆದಿದ್ದೀರ, ನಂಬ್ತೀನಿ. ಆದ್ರೆ ಎಲ್ಲರೆದುರು ಅವಮಾನ ಆದ ದಿನ, ಆ ಉರಿ ಇನ್ನೂ ಆರಿರಲ್ಲ, ಆವಾಗ ಮನುಷ್ಯ ಯಾರ ಹತ್ರ ಹೋಗಿ ಹೇಳ್ತಾನೋ ಅವ್ರ ಜೊತೆ ನಂಟು ಬೆಳೆಯುತ್ತೆ. ಎದೇಲಿರೋ ಮಾತು ಎಲ್ಲಿ ಇಳಿಯುತ್ತೋ ಮನಸ್ಸು ಅಲ್ಲೇ ಮನೆ ಮಾಡುತ್ತೆ. ಆ ಹುಡುಗಿ ಚೆನ್ನಾಗಿ ಸಮಾಧಾನ ಮಾಡಿರ್ತಾಳೆ, ಯಾಕೆ ಮಾಡಲ್ಲ, ಅವಳು ಇನ್ನೂ ವಾಲ್ಥರ್ ಹೇಳಿದ ಆ ಚಾಟಿನ ಲೋಕದಲ್ಲಿದ್ದಾಳೆ, ಬರೀ ಒಳ್ಳೇ ಮುಖ. ನಿಮ್ಮ ಹೆಂಡತೀನೂ ಎರಡೂವರೆ ವರ್ಷ ಅಲ್ಲೇ ಇದ್ರು. ಅವಳನ್ನ ನಾಳೆ ನಿಮ್ಮ ಮನೆಗೆ ತಂದು, ಬೆಳಗಿನ ಟ್ರೈನು, ರಾತ್ರಿ 8, ಹಾಲಲ್ಲಿ ಸೀರಿಯಲ್ ಇಟ್ರೆ ಅವಳ ಕಿವಿಲೂ ಹೆಡ್‌ಫೋನ್ ಇರುತ್ತೆ.

ನೈಟ್ ಶಿಫ್ಟ್ ಬ್ರೇಕಿನ ಆ ಮೆಸೇಜ್ ನಿಲ್ಲಿಸಿ. ಬ್ಲಾಕ್ ಗೀಕ್ ಅಂತ ರಂಪ ಏನೂ ಬೇಡ, ನಾನು ಸ್ವಲ್ಪ ಮನೆ ಕಡೆ ಗಮನ ಕೊಡಬೇಕು ಅಂತ ಮರ್ಯಾದೆಯಾಗಿ ಹೇಳಿ ನಿಲ್ಲಿಸಿ, ಅವಳಿಗೂ ಅದೇ ಒಳ್ಳೇದು. ಹೆಂಡತಿಗೆ ಹೇಳ್ಬೇಕಾ ಅಂತ ನೀವು ಕೇಳಿಲ್ಲ, ಕೇಳೇ ಕೇಳ್ತೀರ. ಅವ್ರು ಕೇಳಿದ್ರೆ ಸುಳ್ಳು ಹೇಳ್ಬೇಡಿ. ನಿಮ್ಮ ಎದೆ ಹಗುರ ಆಗಲಿ ಅಂತ ರಾತ್ರಿ ಹತ್ತು ಗಂಟೆಗೆ ಅವ್ರನ್ನ ಎಬ್ಬಿಸಿ ಹೇಳಿ ನೀವು ನಿದ್ದೆ ಮಾಡೋದೂ ಬೇಡ. ಮೊದಲು ಅವ್ರಿಗೆ ಸೇರಬೇಕಾಗಿದ್ದನ್ನ ಅವ್ರಿಗೆ ಕೊಡಿ, ಅಂದ್ರೆ ಆ ಲೈನ್ ಲೀಡರ್ ಬೈದಿದ್ದು. ತಿಂಗಳಾಗಿದ್ರೂ ಪರವಾಗಿಲ್ಲ. "ಹೋದ ತಿಂಗಳು ಒಂದಾಯ್ತು, ನಿಂಗೆ ಹೇಳ್ಲಿಲ್ಲ, ನಾಚಿಕೆ ಆಯ್ತು" ಅಂತ ಶುರು ಮಾಡಿ. ಗಂಡಸರು ನನ್ನ ಹತ್ರ ಬಂದು ಹೇಳೋದು, ಹೆಂಡತಿ ಮುಂದೆ ಸಣ್ಣೋನಾಗ್ತೀನಿ ಅಂತ. ಹೆಂಡತೀರು ಅದೇ ಕುರ್ಚೀಲಿ ಕೂತು ಹೇಳೋದು, ಅವ್ರು ನನಗೆ ಏನೂ ಹೇಳಲ್ಲ ಮೇಡಂ, ನಾನು ಅವ್ರಿಗೆ ಬರೀ ಅಡುಗೆ ಮಾಡೋಳು ಅಂತ. ಅವ್ರ ಪ್ರೀತಿ ಶುರುವಾಗಿದ್ದೇ ನಿಮ್ಮ ಮಾತು ಕೇಳ್ತಾ ಕೇಳ್ತಾ, ಅದನ್ನ ಅವ್ರಿಂದ ಕಿತ್ಕೊಂಡು ಬೇರೆ ಕಡೆ ಕೊಟ್ರೆ ಅವ್ರಿಗೆ ಉಳಿಯೋದೇನು.

ನಿಮ್ಮ ಪತ್ರದಲ್ಲಿ ಅಮ್ಮ ಇದ್ದಾರೆ, ಹೆಂಡತಿ ಇದ್ದಾರೆ, ಆ ಹುಡುಗಿ ಇದ್ದಾಳೆ, ಬೈದ ಲೈನ್ ಲೀಡರ್ ಕೂಡ ಇದ್ದಾನೆ, ಒಬ್ಬ ಫ್ರೆಂಡ್ ಇಲ್ಲ. ರಾಬರ್ಟ್ ವೈಸ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲೇ ಒಂಟಿತನ ಎರಡು ಥರ ಅಂತ ಬೇರೆ ಮಾಡಿ ತೋರಿಸಿದ್ರು, ತುಂಬಾ ಹತ್ತಿರದ ಒಬ್ಬ ಜೀವ ಇಲ್ಲದೇ ಬರೋದು ಒಂದು, ನಮ್ಮೋರು ಅನ್ನೋ ಗುಂಪು ಇಲ್ಲದೇ ಬರೋದು ಇನ್ನೊಂದು, ಒಂದರ ಜಾಗ ಇನ್ನೊಂದು ತುಂಬಲ್ಲ. ಮದುವೆಯಾದ ಮೇಲೆ ಭಾನುವಾರದ ಕ್ರಿಕೆಟ್ ಬಿಟ್ರಿ, ಟೀ ಅಂಗಡಿ ಬಿಟ್ರಿ, ಅದು ಬಿಟ್ಟ ಜಾಗಾನೂ ಹೆಂಡತೀನೇ ತುಂಬಲಿ ಅಂತ ಕಾಯ್ತಾ ಇರಬಹುದು. ನಮ್ಮ ಅಜ್ಜಿ ಕಾಲದಲ್ಲಿ ಗಂಡ ಹೆಂಡತಿ ಮಾತಾಡ್ತಿದ್ದಿದ್ದೇ ಕಮ್ಮಿ, ಅವ್ರಿಗೆ ಒಂಟಿತನ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು, ಆದ್ರೆ ಜಗಲಿ ಇತ್ತು, ನೀರಿಗೆ ಹೋದ್ರೆ ನಾಲ್ಕು ಜನ ಸಿಗ್ತಿದ್ರು, ಅತ್ತಿಗೆ ನಾದಿನಿ ಅಂತ ಯಾರಾದ್ರೂ ಒಬ್ರು ಕಿವಿ ಕೊಡ್ತಿದ್ರು. ಈಗ ಫ್ರೆಂಡು, ಅಣ್ಣ, ಲವರ್ರು, ಡಾಕ್ಟ್ರು ಎಲ್ಲಾ ಒಬ್ರೇ ಆಗಬೇಕು, ಅದೂ ಮೂರು ವಾರದಲ್ಲಿ ಹತ್ತು ಗಂಟೇಲಿ. ಒಬ್ಬ ಹಳೇ ಗೆಳೆಯನಿಗೆ ಈ ವಾರ ಫೋನ್ ಮಾಡಿ. ಹಂಗೇ, ನಿಮ್ಮ ಅಮ್ಮನೂ ಇಡೀ ದಿನ ಆ ಮನೇಲಿ ಒಬ್ರೇ ಇರ್ತಾರೆ ಅನ್ನೋದು ಮನಸ್ಸಲ್ಲಿರಲಿ.

ನೀವು ಬರೆಯದ ಇನ್ನೆರಡು ವಿಷಯ, ಬೇಗ ಹೇಳಿ ಮುಗಿಸ್ತೀನಿ. ಒಬ್ರನ್ನೊಬ್ರು ಮುಟ್ಟೋದು ಯಾವಾಗ ನಿಂತಿದೆ ಅಂತ ನೆನಪು ಮಾಡ್ಕೊಳ್ಳಿ, ನಾನು ಹೇಳ್ತಿರೋದು ಅದೊಂದೇ ವಿಷಯ ಅಲ್ಲ, ಪಕ್ಕದಲ್ಲಿ ಕೂತಾಗ ಭುಜ ತಾಗೋದು, ಹೋಗುವಾಗ ತಲೆ ಸವರೋದು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದಾಗ ಅವ್ರು ನಿದ್ದೇಲಿದ್ರೂ ಹೊದಿಕೆ ಸರಿ ಮಾಡಿ ಒಂದು ಕ್ಷಣ ಕೈ ಇಡಿ. ಎರಡನೇದು, ಮೂರು ವರ್ಷ ಆಯ್ತು ಅಂದ್ರೆ ನೆಂಟರು "ಏನೂ ವಿಶೇಷ ಇಲ್ವಾ" ಅಂತ ಕೇಳೋಕೆ ಶುರು ಮಾಡಿರ್ತಾರೆ, ಅದು ನಿಮಗಿಂತ ಜಾಸ್ತಿ ಅವ್ರ ಕಿವಿಗೇ ಬೀಳ್ತಿರುತ್ತೆ. ಮಗು ಆದ್ರೆ ಎಲ್ಲಾ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಇಬ್ರಿಗೇ ಇಲ್ಲದ ಟೈಮಲ್ಲಿ ಮೂರನೇ ಜೀವಕ್ಕೆ ಎಲ್ಲಿಂದ ತರ್ತೀರ, ಮೊದಲು ಇದು ಸರಿಹೋಗಲಿ.

ಮತ್ತೆ, ಈ ಬೇಜಾರಿನ ಜೊತೆ ನಿದ್ದೆ ಪೂರ್ತಿ ಕೆಟ್ಟಿದೆ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಅದಕ್ಕೆ ಈ ಸಲಹೆ ಸಾಕಾಗಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ ಮಾನಸಿಕ ಆರೋಗ್ಯದ ಡಾಕ್ಟ್ರನ್ನೂ ನೋಡಬಹುದು. ಶಿಫ್ಟ್ ಕೆಲಸದಲ್ಲಿ ನಿದ್ದೆ ಏರುಪೇರಾಗಿ ಮನಸ್ಸು ಕುಸಿಯೋದು ಸಾಮಾನ್ಯ, ನಾಚಿಕೆ ಬೇಡ.

ಮಾಡೋಕೆ ಅಂತ ಎರಡೇ ಎರಡು ಹೇಳ್ತೀನಿ. ನಿಮ್ಮಿಬ್ರ ಪ್ರೀತಿ ಬೆಳೆದಿದ್ದು ಕತ್ತಲಲ್ಲಿ, ಬರೀ ದನೀಲಿ. ಈಗ ಹಾಲಲ್ಲಿ ಟ್ಯೂಬ್‌ಲೈಟ್ ಕೆಳಗೆ, ಅಮ್ಮನ ಮುಂದೆ, ಮುಖಕ್ಕೆ ಮುಖ ಕೊಟ್ಟು ಮಾತಾಡಿ ಅಂದ್ರೆ ಇಬ್ರಿಗೂ ಬಾಯಿ ಬರಲ್ಲ. ಹಂಗಾದ್ರೆ ದನೀನೇ ಬಳಸಿ. ಸೆಕೆಂಡ್ ಶಿಫ್ಟು, ನೈಟ್ ಶಿಫ್ಟ್ ಇರೋ ವಾರಗಳಲ್ಲಿ ದಿನಾ ಒಂದು ವಾಯ್ಸ್ ಮೆಸೇಜ್ ಕಳಿಸಿ, ಎರಡು ಮೂರು ನಿಮಿಷದ್ದು, ಬೆಳಿಗ್ಗೆ ಅವ್ರು ಟ್ರೈನ್ ಹತ್ತೋ ಹೊತ್ತಿಗೆ ಸಿಗೋ ಹಾಗೆ. ಆ ಹೆಡ್‌ಫೋನ್ ಒಳಗೆ ನೀವಿರಿ. ಏನು ಹೇಳೋದು ಅಂತ ತಲೆ ಕೆಡಿಸ್ಕೋಬೇಡಿ, ಬಸ್ಸಲ್ಲಿ ಪಕ್ಕದೋನು ಗೊರಕೆ ಹೊಡೆದಿದ್ದು, ಮೆಷಿನ್ ನಿಂತೋಗಿದ್ದು, ಬೆಳಗಿನ ಜಾವ ಗೇಟ್ ಹತ್ರ ಮಂಜು ಬಿದ್ದಿದ್ದು, ಏನಾದ್ರೂ. ನನ್ನ ಮೇಲೆ ನಿಂಗೆ ಇನ್ನೂ ಪ್ರೀತಿ ಇದೆಯಾ ಅಂತ ಮಾತ್ರ ಈಗ್ಲೇ ಕೇಳ್ಬೇಡಿ, ಸುಸ್ತಾಗಿರೋರಿಗೆ ಆ ಪ್ರಶ್ನೆ ಪರೀಕ್ಷೆ ಥರ ಇರುತ್ತೆ. ಮೊದಲ ಮೂರು ನಾಲ್ಕು ದಿನ ವಾಪಸ್ ಏನೂ ಬರದೇ ಇರಬಹುದು, ಇದೇನು ಇದ್ದಕ್ಕಿದ್ದಂಗೆ ಅಂತ ಅವ್ರಿಗೂ ಅನ್ಸುತ್ತೆ, ಬಿಡ್ಬೇಡಿ.

ಇನ್ನೊಂದು, ಫಸ್ಟ್ ಶಿಫ್ಟ್ ಬಂದ ವಾರ ಮಧ್ಯಾಹ್ನ ಬಂದು ಸ್ವಲ್ಪ ಮಲಗಿ ಎದ್ದು, ಸಂಜೆ ಗಾಡಿ ತಗೊಂಡು ಸ್ಟೇಷನ್ನಿಗೆ ಹೋಗಿ. ಮುಂಚೆ ಹೋಗ್ತಿದ್ರಲ್ಲ, ಅರ್ಧ ಗಂಟೆ ಮೊದಲೇ, ಅದೇ ಪ್ಲಾಟ್‌ಫಾರ್ಮು. ಮೂರು ವರ್ಷದಿಂದ ಅವ್ರು ಅಲ್ಲಿ ಇಳಿದು ಒಬ್ರೇ ಆಟೋ ಹತ್ತಿ ಬರ್ತಿದ್ದಾರೆ. ಬರ್ತೀನಿ ಅಂತ ಮೊದಲೇ ಹೇಳಿಡಿ, ಟೇಕಲ್ ದಾಟಿದ್ರೆ ಮೆಸೇಜ್ ಹಾಕು ಅನ್ನಿ. ಅಮ್ಮಂಗೆ ಬರೋದು ಅರ್ಧ ಗಂಟೆ ಲೇಟಾಗುತ್ತೆ ಅಂತ ಹೇಳಿ ಹೋಗಿ, ಸೀದಾ ಮನೆಗೆ ಬರ್ಬೇಡಿ, ನಿಮ್ಮೂರಲ್ಲಿ ಪಾನಿಪೂರಿ ಗಾಡಿಗೇನು ಕಮ್ಮಿ, ಎಲ್ಲಾದ್ರೂ ಒಂದು ಕಡೆ ನಿಲ್ಲಿಸಿ ಇಬ್ರೂ ಒಂದೊಂದು ಪ್ಲೇಟ್ ತಿನ್ನಿ. ಆ ಲೈನ್ ಲೀಡರ್ ವಿಷಯ ಅಲ್ಲಿ ಹೇಳಿ, ಗಾಡಿ ಹತ್ರ ನಿಂತ್ಕೊಂಡು.